ನಾಯಿ ಸಾಕು

ಸಂತೋಷವೆಂಬುದು ಕಷ್ಟದ ವಿಷಯವೇನೂ ಅಲ್ಲ, ಜನರಿಗೆ ಅದನ್ನು ಪಡೆಯುವ ಕ್ರಮ ಗೊತ್ತಿಲ್ಲ ಅಷ್ಟೆ ಎಂದು ಹೋದ ಶ್ರಾವಣದವರೆಗೂ ನಾನು ನಂಬಿದ್ದೆ. ನಂಬಲು ಕಾರಣವಿತ್ತು. ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. ನಾಗರಬಾವಿಯ ಕಡೆಯ ಒಂದು ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಅದನ್ನೇ ಪಾಠ ಮಾಡುತ್ತಿದ್ದೇನೆ. ಅಳೆಯಲಾಗದ್ದು ಈ ಲೋಕದಲ್ಲಿ ಯಾವುದೂ ಇಲ್ಲ, ಅಳೆದದ್ದನ್ನು ಹೆಚ್ಚಿಸುವುದು ಬರೀ ಶ್ರದ್ಧೆಯ ಪ್ರಶ್ನೆ ಎಂಬುದು ನನ್ನ ಸಿದ್ಧಾಂತ. ಈಗ ಆ ಸಿದ್ಧಾಂತದ ಅರ್ಧ ಭಾಗವನ್ನು ನಾಯಿ ತಿಂದಿದೆ. ಉಳಿದರ್ಧ ನನ್ನ ಎಡಗಾಲಿನ ಬ್ಯಾಂಡೇಜಿನೊಳಗಿದೆ.

ಶುರುವಾದದ್ದು ಬಸವೇಶ್ವರನಗರದಲ್ಲಿ, ಪಾಯಸದ ಹೊತ್ತಿಗೆ. ನನ್ನ ಹೆಂಡತಿ ಸುಲೋಚನಳ ತಂಗಿ ಲತಾ ವರಮಹಾಲಕ್ಷ್ಮಿ ಹಬ್ಬಕ್ಕೆ ಊಟಕ್ಕೆ ಕರೆದಿದ್ದಳು. ಅವಳ ಗಂಡ, ಅಂದರೆ ನನ್ನ ಷಡ್ಡಕ ಕುಮಾರ್, ಬಹಳ ಒಪ್ಪ ಓರಣದ ಮನುಷ್ಯ. ಮನೆಯಲ್ಲೂ ಇಸ್ತ್ರಿ ಮಾಡಿದ ಶರ್ಟನ್ನೇ ಹಾಕಿಕೊಳ್ಳುವಂಥವರು. ಅವರ ಮಗಳು ಅನ್ವಿ ಎಲ್ಲರನ್ನೂ ಒಂದೇ ಪ್ರಶ್ನೆ ಕೇಳುತ್ತ ಪಂಕ್ತಿಯ ಉದ್ದಕ್ಕೂ ಬಂದು ನನ್ನೆದುರು ನಿಂತಳು.

"ದೊಡ್ಡಪ್ಪ, ನಿಮ್ ಲೈಫಲ್ಲಿ ತುಂಬಾ ಖುಷಿಯಾದ ದಿನ ಯಾವ್ದು?"

ನನಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. "ಮದುವೆಯಾದ ಹೊಸದರಲ್ಲಿ ನಾನೂ ನಿಮ್ಮ ದೊಡ್ಡಮ್ಮನೂ ನಂದಿಬೆಟ್ಟದ ಮೇಲೆ ಸೂರ್ಯೋದಯ ನೋಡಿದ್ದು" ಎಂದೆ. ಪಂಕ್ತಿಯಲ್ಲಿದ್ದವರೆಲ್ಲ ಆಹಾ ಎಂದರು. ಸುಲೋಚನ ಮಾತ್ರ ಎಲೆಯ ಮೇಲೆ ಕೈ ಅಡ್ಡ ಹಿಡಿದು ಪಾಯಸದ ಸೌಟನ್ನು ತಡೆದಳು.

"ಯಾವ ಸೂರ್ಯೋದಯ ರೀ?"

"ಅದೇ ಕಣೆ, ನಂದಿಬೆಟ್ಟದ್ದು."

"ನಾವು ಬೆಟ್ಟದ ಮೇಲೆ ಹೋದಾಗ ಒಂಬತ್ತೂವರೆ ಗಂಟೆ. ಬಸ್ ಲೇಟಾಯ್ತು ಅಂತ ಕಂಡಕ್ಟರ್ ಜೊತೆ ವಾದ ಮಾಡಿ ನಡುದಾರೀಲಿ ಇಳಿದುಬಿಟ್ರಿ. ಮೇಲೆ ಹೋದ್ರೆ ಬರೀ ಮಂಜು. ಸೂರ್ಯ ಹಾಗಿರ್ಲಿ, ನೀವೇ ಕಾಣಿಸ್ತಿರ್ಲಿಲ್ಲ."

"ಕೆಂಪಗೆ ಏನೋ ಕಂಡದ್ದು ಚೆನ್ನಾಗಿ ನೆನಪಿದೆಯಲ್ಲ?"

"ಅದು ನನ್ನ ಸ್ವೆಟರು."

ಒಂದೇ ವಾಕ್ಯದಲ್ಲಿ ನನ್ನ ಜೀವನದ ಅತ್ಯಂತ ಸಂತೋಷದ ದಿನ ಮುಳುಗಿಹೋಯಿತು! ನನಗೆ ನನ್ನ ನೆನಪಿನ ಮೇಲೆ ಮೊದಲಿನಿಂದಲೂ ಪೂರ್ತಿ ಭರವಸೆಯಿಲ್ಲ. ಆದರೆ ಸೂರ್ಯನಿಗೂ ಸ್ವೆಟರಿಗೂ ವ್ಯತ್ಯಾಸ ತಿಳಿಯದಷ್ಟು ಅದು ಕೆಟ್ಟಿರಬಹುದು ಎಂದುಕೊಂಡಿರಲಿಲ್ಲ.

ಊಟವಾದ ಮೇಲೆ ಕುಮಾರ್ ಒಂದು ಹಾಳೆ ತಂದರು. ದಸರಾ ರಜದಲ್ಲಿ ನಾಲ್ಕು ದಿನ ಗೋಕರ್ಣ, ಮುರುಡೇಶ್ವರ. ಹನ್ನೆರಡು ಸೀಟಿನ ಟೆಂಪೋ ಟ್ರಾವೆಲರ್. ಹಾಳೆಯಲ್ಲಿ ಹನ್ನೊಂದು ಹೆಸರಿದ್ದವು. ನನ್ನದಿರಲಿಲ್ಲ.

"ಹನ್ನೆರಡನೇ ಸೀಟು ಯಾರದು?" ಎಂದು ಕೇಳಿದೆ.

ಲತಾ ತನ್ನ ಅಕ್ಕನ ಮುಖ ನೋಡಿದಳು. ಸುಲೋಚನ ಅಡಿಕೆ ಹೋಳನ್ನು ಬಾಯಿಗೆ ಹಾಕಿಕೊಂಡು, "ಅದರ ಮೇಲೆ ಬ್ಯಾಗ್ ಇಡೋಣ. ಇವರು ಬರಲ್ಲ" ಎಂದಳು.

"ನಾನ್ಯಾಕೆ ಬರಲ್ಲ?"

"ಬಂದ್ರೆ ಸಂತೋಷವಾಗಿರ್ತೀರಾ? ಹೋದ ಸಲ ಬೇಲೂರಲ್ಲಿ ಒಂದೊಂದು ಶಿಲ್ಪಕ್ಕೂ ಗೈಡ್ ಹತ್ರ ಆಧಾರ ಕೇಳಿದ್ರಿ. ಪಾಪ, ಅವನು ಅರ್ಧಕ್ಕೇ ನಮ್ಮನ್ನ ಬಿಟ್ಟು ಓಡಿಹೋದ. ನಿಮಗೂ ಖುಷಿ ಇಲ್ಲ, ಪಕ್ಕದಲ್ಲಿ ಕೂತೋರಿಗೂ ಇಲ್ಲ."

ಪಕ್ಕದಲ್ಲಿ ಕೂತವರು ಎಂದರೆ ಅವಳೇ. ಇಪ್ಪತ್ತಾರು ವರ್ಷ ಪಕ್ಕದಲ್ಲಿ ಕೂತವಳು ಈಗ ಆ ಜಾಗಕ್ಕೆ ಬ್ಯಾಗೇ ಲೇಸೆಂದು ತೀರ್ಮಾನಿಸಿದ್ದಳು. ಆದರೆ ನಾನು ವಿಜ್ಞಾನದವನು. ಎದ್ದು ನಿಂತು ಘೋಷಿಸಿದೆ: "ದಸರಾ ಒಳಗೆ ನಾನು ಸಂತೋಷವಾಗಿ ತೋರಿಸ್ತೀನಿ! ಆ ಸೀಟು ಹಾಗೇ ಇರಲಿ!"

"ತೋರಿಸೋದೇನೂ ಬೇಡ. ಇದ್ರೆ ಸಾಕು" ಎಂದಳು ಸುಲೋಚನ.

ಮರುದಿನವೇ ದಪ್ಪ ರಟ್ಟಿನ ಒಂದು ಪುಸ್ತಕ ತಂದೆ. ನನ್ನ ನೆನಪು ಸಾಕ್ಷಿಗೆ ಅನರ್ಹವೆಂದು ಕುಟುಂಬದ ಸಮ್ಮುಖದಲ್ಲಿ ಸಾಬೀತಾಗಿದ್ದರಿಂದ, ಸಂತೋಷವನ್ನು ಸ್ಥಳದಲ್ಲೇ ದಾಖಲಿಸುವುದೆಂದು ನಿಶ್ಚಯಿಸಿದೆ. ವೇಳೆ, ಕಾರಣ, ಹತ್ತಕ್ಕೆ ಎಷ್ಟು ಅಂಕ. ಹೀಗೆ ಗೆರೆ ಎಳೆದೆ. ಎರಡು ಗಂಟೆಗೊಮ್ಮೆ ಹೊಡೆಯುವಂತೆ ಮೊಬೈಲಿಗೆ ಅಲಾರಂ ಇಟ್ಟೆ. ಅಲಾರಂ ಹೊಡೆದ ಕ್ಷಣದಲ್ಲಿ ನಾನೆಷ್ಟು ಸಂತೋಷದಲ್ಲಿದ್ದೇನೆಂದು ನೋಡಿಕೊಂಡು ಬರೆಯಬೇಕು. ಇಷ್ಟು ಸರಳ!

ಮೊದಲ ಭಾನುವಾರ ಬೆಳಿಗ್ಗೆ ಸುಲೋಚನ ಅಕ್ಕಿರೊಟ್ಟಿ ತಟ್ಟಿದ್ದಳು. ಸಬ್ಬಸಿಗೆ ಸೊಪ್ಪು ಹಾಕಿ, ಅಂಚು ಗರಿಗರಿಯಾಗಿ, ನಡುವೆ ಬೆಣ್ಣೆ ಕರಗುತ್ತಿದ್ದ ರೊಟ್ಟಿ. ಮೊದಲ ತುತ್ತು ಬಾಯಿಗಿಟ್ಟೆ. ಅಲಾರಂ ಹೊಡೆಯಿತು. ಕೈ ತೊಳೆದು, ಕನ್ನಡಕ ಹುಡುಕಿ, ಪುಸ್ತಕ ತೆಗೆದು ಎಂಟು ಎಂದು ಬರೆದೆ. ಎಂಟೋ ಎಂಟೂವರೆಯೋ ಎಂದು ಸಂಶಯ ಬಂತು. ಸಂಶಯ ಬಂದ ಮೇಲೆ ಏಳೂವರೆ ಎನಿಸಿತು. ತೀರ್ಮಾನಕ್ಕೆ ಬಂದು ತಟ್ಟೆಯ ಹತ್ತಿರ ಹೋಗುವಷ್ಟರಲ್ಲಿ ರೊಟ್ಟಿ ತಣ್ಣಗಾಗಿ, ಹಳೆಯ ಚಪ್ಪಲಿಯ ಅಟ್ಟೆಯಂತಾಗಿತ್ತು. ವಾಪಸು ಬಂದು ಏಳೂವರೆಯನ್ನು ಹೊಡೆದು ನಾಲ್ಕು ಎಂದು ತಿದ್ದಿದೆ.

"ಬಿಸಿ ರೊಟ್ಟಿ ಬಿಟ್ಟು ಏನ್ರೀ ಬರೀತಿದೀರಾ?"

"ಬಿಸಿ ರೊಟ್ಟಿಯಿಂದ ಎಷ್ಟು ಸಂತೋಷ ಆಗ್ತಿದೆ ಅಂತ."

ಅವಳು ನನ್ನನ್ನು ಒಂದು ಕ್ಷಣ ನೋಡಿ ಒಲೆ ಆರಿಸಿದಳು. ಎರಡನೇ ರೊಟ್ಟಿ ತಟ್ಟಲಿಲ್ಲ.

ಕಾಲೇಜಿನಲ್ಲೂ ಅದೇ ಕಥೆ. ಪಾಠದ ಮಧ್ಯೆ ಅಲಾರಂ ಹೊಡೆದರೆ ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು ಒಳಗೆ ಸಂತೋಷವಿದೆಯೇ ಎಂದು ಪರೀಕ್ಷಿಸುತ್ತಿದ್ದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಸಾರ್, ಮಾತ್ರೆ ಟೈಮಾ?" ಎಂದು ಮೆಲ್ಲಗೆ ಕೇಳಿದಳು. ಸಂತೋಷ ಅಳೆಯುತ್ತಿದ್ದೇನೆ ಎನ್ನಲು ನಾಚಿಕೆಯಾಗಿ ಹೌದೆಂದುಬಿಟ್ಟೆ. ಸಂಜೆಯೊಳಗೆ ಪ್ರಿನ್ಸಿಪಾಲರು ಕೋಣೆಗೆ ಕರೆಸಿ, ನನ್ನ ಭುಜ ತಟ್ಟಿ, "ಈಗೆಲ್ಲ ಹಾರ್ಟ್‌ಗೆ ಒಳ್ಳೊಳ್ಳೆ ಟ್ರೀಟ್‌ಮೆಂಟ್ ಇದೆ ಸಾರ್, ಧೈರ್ಯವಾಗಿರಿ" ಎಂದರು. ಆ ಹೊತ್ತಿನ ಅಂಕ: ಒಂದೂವರೆ.

ವಿಜಯನಗರದ ಪಾರ್ಕೊಂದರಲ್ಲಿ ಬೆಳಿಗ್ಗೆ ನಗೆಕೂಟ ನಡೆಯುತ್ತದೆಂದು ಕೇಳಿ ಅಲ್ಲಿಗೂ ಹೋದೆ. ಇಪ್ಪತ್ತು ಜನ ಹಿರಿಯರು ವೃತ್ತಾಕಾರವಾಗಿ ನಿಂತು, ಕೈ ಮೇಲೆತ್ತಿ ಹಹಹಾ ಎಂದು ನಗುತ್ತಿದ್ದರು. ನಾನು ಪಕ್ಕದವರನ್ನು ಕೇಳಿದೆ: "ಏನ್ ಸಾರ್ ಜೋಕು?"

"ಜೋಕಿಲ್ಲ. ಸುಮ್ನೆ ನಗಿ."

"ಕಾರಣವಿಲ್ಲದೆ?"

"ಕಾರಣ ಬೇಡ ಸ್ವಾಮಿ!"

"ಕಾರಣವಿಲ್ಲದೆ ಪರಿಣಾಮ ಹೇಗೆ ಬರುತ್ತೆ?" ಎಂದು ನಾನು ನಿಜವಾದ ಕುತೂಹಲದಿಂದಲೇ ಕೇಳಿದೆ. ಅವರು ನಗುವುದನ್ನು ನಿಲ್ಲಿಸಿ ಯೋಚಿಸಿದರು. ಅವರ ಪಕ್ಕದವರೂ ನಿಲ್ಲಿಸಿದರು. ಐದು ನಿಮಿಷದಲ್ಲಿ ಇಡೀ ವೃತ್ತ ಕಾರ್ಯಕಾರಣ ಸಂಬಂಧದ ಚರ್ಚೆಗೆ ಇಳಿದು, ಇಬ್ಬರು ಪರಸ್ಪರ ಮಾತು ಬಿಟ್ಟರು. ಮರುದಿನ ಗೇಟಿನಲ್ಲೇ ಒಬ್ಬರು ನನ್ನನ್ನು ತಡೆದು, ಮನೆಯಲ್ಲೇ ನಗಬಹುದೆಂದು ವಿನಯದಿಂದ ಸೂಚಿಸಿದರು.

ಮೂರು ವಾರ ಕಳೆದ ಮೇಲೆ ಕುಳಿತು ಸರಾಸರಿ ತೆಗೆದೆ. ಮೊದಲ ವಾರ ಆರು. ಎರಡನೆಯ ವಾರ ಐದು. ಮೂರನೆಯದರಲ್ಲಿ ಮೂರೂಮುಕ್ಕಾಲು! ಇದೇ ವೇಗದಲ್ಲಿ ಇಳಿದರೆ ವಿಜಯದಶಮಿಯ ಹೊತ್ತಿಗೆ ಸೊನ್ನೆಯನ್ನೂ ದಾಟಿ ನೆಲಮಾಳಿಗೆ ಸೇರುವುದು ಖಚಿತವಿತ್ತು. ಸೀಟು ಬ್ಯಾಗಿನ ಪಾಲಾಗುವುದೂ ಖಚಿತವಿತ್ತು.

ಆದರೆ ಒಂದು ವಿಚಿತ್ರ ಕಂಡಿತು. ಪ್ರತಿದಿನ ಸಂಜೆ ಆರು ಗಂಟೆಯ ಅಂಕ ಮಾತ್ರ ಏಳಕ್ಕಿಂತ ಕಡಿಮೆ ಇರಲಿಲ್ಲ. ಅದರ ಮುಂದೆ ಕಾರಣದ ಕಾಲಮಿನಲ್ಲಿ 'ಗೊತ್ತಿಲ್ಲ' ಎಂದು ಬರೆದಿದ್ದೆ. ಆರು ಗಂಟೆಗೆ ನಾನೇನು ಮಾಡುತ್ತಿರುತ್ತೇನೆ? ನೆನಪಾಗಲಿಲ್ಲ. ಮರುದಿನ ಗಮನವಿಟ್ಟು ನೋಡಿದೆ. ಆರಕ್ಕೆ ನಾನು ಅತ್ತಿಗುಪ್ಪೆಯ ನಮ್ಮ ಮನೆಯ ಗೇಟು ತೆರೆಯುತ್ತೇನೆ. ನಾವಿರುವುದು ಮೊದಲ ಮಹಡಿಯಲ್ಲಿ. ಕೆಳಗಿನ ಮನೆಯಲ್ಲಿರುವವರು ನಂಜುಂಡಪ್ಪ, ಬಿನ್ನಿಪೇಟೆಯ ಮಿಲ್ಲಿನಲ್ಲಿ ನೇಯ್ಗೆ ಕೆಲಸ ಮಾಡಿ ನಿವೃತ್ತರಾದವರು. ಅವರ ಜಗಲಿಯ ಕೆಳಗೆ ಬೀದಿನಾಯಿಯೊಂದು ಮರಿ ಹಾಕಿತ್ತು. ಅದರಲ್ಲಿ ಕಂದು ಬಣ್ಣದ, ಒಂದು ಕಿವಿ ಮಡಿಸಿದ ಮರಿಯೊಂದು ನಾನು ಬಂದ ಕೂಡಲೇ ಓಡಿಬಂದು ನನ್ನ ಪ್ಯಾಂಟಿನ ಅಂಚನ್ನು ಕಚ್ಚಿ ಜಗ್ಗುತ್ತಿತ್ತು.

ಸಿಕ್ಕಿತು! ನನ್ನ ಸಂತೋಷದ ಕಾರಣ ನಾಯಿ! ದಿನಕ್ಕೆ ಎರಡು ನಿಮಿಷದ ನಾಯಿಯಿಂದ ಏಳು ಅಂಕ ಬರುವುದಾದರೆ, ಇಡೀ ದಿನದ ನಾಯಿಯಿಂದ ಎಷ್ಟು ಬರಬೇಡ!

ಕೂಡಲೇ ಸುಲೋಚನಳಿಗೆ ಮೆಸೇಜು ಕಳಿಸತೊಡಗಿದೆ. ಅವಳು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಆ ವಾರ ಪರೀಕ್ಷೆಯ ಗಡಿಬಿಡಿಯಲ್ಲಿದ್ದಳು. ನಾಯಿಯಿಂದ ಆಗುವ ಲಾಭಗಳು, ನಾಯಿಯ ನಿಷ್ಠೆ, ನಾಯಿಯನ್ನು ನಡೆಸುವುದರಿಂದ ಮಂಡಿಗೆ ಆಗುವ ವ್ಯಾಯಾಮ ಎಂದು ಎರಡು ದಿನದಲ್ಲಿ ಹದಿನಾಲ್ಕು ಮೆಸೇಜು ಹೋದವು. ಎರಡನೆಯ ದಿನ ಮಧ್ಯಾಹ್ನ ಉತ್ತರ ಬಂತು. ಎರಡೇ ಪದ.

'ನಾಯಿ ಸಾಕು.'

ಮೂರು ಸಲ ಓದಿದೆ. ಕಣ್ಣು ಮಂಜಾಯಿತು. ನಾಯಿಗೆ ಒಪ್ಪಿಗೆ ಸಿಕ್ಕಿತೆಂದಷ್ಟೇ ಅಲ್ಲ. ಮದುವೆಯಾದಾಗಿನಿಂದ ಅವಳು ನನ್ನನ್ನು 'ರೀ' ಎಂದಿದ್ದಾಳೆ, 'ನೀವು' ಎಂದಿದ್ದಾಳೆ, ಕೋಪ ಬಂದಾಗ 'ಮಹಾನುಭಾವರು' ಎಂದೂ ಎಂದಿದ್ದಾಳೆ. ಏಕವಚನ ಇದೇ ಮೊದಲು! ಸಾಕಿ ಅಲ್ಲ, ಸಾಕಿರಿ ಅಲ್ಲ, ಸಾಕು! ಆ ಒಂದು ಉಕಾರದಲ್ಲಿ ಎಂಥ ಸಲಿಗೆ, ಎಂಥ ಪ್ರೀತಿ! ಪುಸ್ತಕ ತೆಗೆದು, ಅಲಾರಂ ಹೊಡೆಯದಿದ್ದರೂ, ಒಂಬತ್ತು ಎಂದು ಬರೆದೆ.

ಸಂಜೆ ನಂಜುಂಡಪ್ಪನವರ ಬಳಿ ಹೋಗಿ ಮರಿಯನ್ನು ಕೇಳಿದೆ.

"ತಗಂಡೋಗಿ ಮೇಷ್ಟ್ರೇ, ಪುಣ್ಯ ಬತ್ತದೆ. ಮಿಸ್ಸು ಒಪ್ಪವ್ರಾ?"

"ಒಪ್ಪಿಗೆ ಬರವಣಿಗೇಲೇ ಇದೆ!" ಎಂದು ಮೊಬೈಲ್ ತೋರಿಸಿದೆ. ಅವರೂ ಓದಿ, "ಸರಿ ಬುಡಿ" ಎಂದರು. ಇದನ್ನು ಇಲ್ಲಿ ಮುಖ್ಯವಾಗಿ ದಾಖಲಿಸುತ್ತಿದ್ದೇನೆ. ತಪ್ಪಾಗಿ ಓದಿದವನು ನಾನೊಬ್ಬನೇ ಅಲ್ಲ.

ಆರೂವರೆಗೆ ಸುಲೋಚನ ಬಂದಾಗ ಮರಿ ಅವಳ ಬೆತ್ತದ ಕುರ್ಚಿಯ ಕಾಲನ್ನು ಕಡಿಯುತ್ತಿತ್ತು.

"ರೀ, ಇದೇನು?"

"ನಾಯಿ."

"ಅದು ಕಾಣಿಸ್ತಿದೆ. ಯಾಕೆ ಇಲ್ಲಿದೆ?"

"ನೀನೇ ಹೇಳಿದೆಯಲ್ಲ, ಸಾಕು ಅಂತ."

"ಸಾಕು ಅಂತಾನೇ ಹೇಳಿದ್ದು!"

"ಅದಕ್ಕೇ ಸಾಕ್ತಿದೀನಿ!"

"ಅಯ್ಯೋ, ಸಾಕು ಅಂದ್ರೆ ಸಾಕೂ ಅಂತ ರೀ!"

ಈ ಸಂವಾದ ಇದೇ ಪದಗಳಲ್ಲಿ ಮೂರು ಸುತ್ತು ನಡೆಯಿತು. ಮರಿ ಇಬ್ಬರ ಮುಖವನ್ನೂ ಸರದಿಯಂತೆ ನೋಡುತ್ತಿತ್ತು. ಕೊನೆಗೆ ಸುಲೋಚನ ಕೈಚೀಲ ಕೆಳಗಿಟ್ಟು, ಎಂಟನೇ ತರಗತಿಗೆ ಪಾಠ ಮಾಡುವ ದನಿಯಲ್ಲಿ ಶುರುಮಾಡಿದಳು.

"ಹದಿನಾಲ್ಕು ಮೆಸೇಜ್ ಕಳಿಸಿದ್ರಿ. ಎದುರಿಗೆ ಹೆಡ್‌ಮಿಸ್ ಕೂತಿದ್ರು. ಮೊಬೈಲು ಟುಂಯ್ ಟುಂಯ್ ಅಂತ ಒಂದೇ ಸಮ ಬಡ್ಕೋತಿತ್ತು. ನಾಯಿ ಪುರಾಣ ಸಾಕು ಅಂತ ಬರಿಯೋದಿತ್ತು. ಪುರಾಣ ಅನ್ನೋದು ಟೈಪ್ ಮಾಡಕ್ಕೆ ಪುರುಸೊತ್ತಾಗ್ಲಿಲ್ಲ!"

"ಹಾಗಾದ್ರೆ ಅದು ಸಂದಿಗ್ಧ ವಾಕ್ಯ. ತಪ್ಪು ಬರೆದವರದ್ದು" ಎಂದೆ ಗಂಭೀರವಾಗಿ.

"ಸಂದಿಗ್ಧವೇನೂ ಇಲ್ಲ. ನಾಯಿ ಸಾಕೋಕೆ ಹೇಳೋದಾಗಿದ್ರೆ ಸಾಕಿ ಅಂತ ಬರೀತಿದ್ದೆ. ಇಷ್ಟು ವರ್ಷದಲ್ಲಿ ಯಾವತ್ತಾದ್ರೂ ನಿಮಗೆ ಏಕವಚನ ಹಾಕಿದೀನಾ? ಅಷ್ಟೂ ಗೊತ್ತಾಗಲ್ವಾ?"

ಗೊತ್ತಾಗಿತ್ತು. ಆದರೆ ನಾನು ಖುಷಿಪಟ್ಟದ್ದೇ ಅದಕ್ಕೆ ಎಂದು ಹೇಳುವುದು ಹೇಗೆ? ಒಳಗೆ ಹೋಗಿ, ಒಂಬತ್ತನ್ನು ಹೊಡೆದು, ಎರಡು ಎಂದು ಬರೆದೆ.

ಭಾನುವಾರದೊಳಗೆ ಮರಿಯನ್ನು ಕೆಳಗೆ ವಾಪಸು ಬಿಡಬೇಕೆಂದು ತೀರ್ಪಾಯಿತು. ಭಾನುವಾರ ಲತಾ, ಕುಮಾರ್ ಪ್ರಯಾಣದ ಮಾತಾಡಲು ಬರುವವರಿದ್ದರು. ಅಲ್ಲಿಯವರೆಗೆ ಕರೆಯಲು ಒಂದು ಹೆಸರಾದರೂ ಬೇಡವೇ? ಹೇಗೂ ಇಷ್ಟು ದಿನದಿಂದ ಹುಡುಕುತ್ತಿದ್ದೇನೆ, ಮನೆಯಲ್ಲೇ ಒಂದು ಇರಲಿ ಎಂದು ಸಂತೋಷ ಎಂದು ಹೆಸರಿಟ್ಟೆ. ಪೇಪರು ತಿದ್ದುತ್ತಿದ್ದ ಸುಲೋಚನ ತಲೆಯೆತ್ತಿ, "ಆ ಹೆಸರು ಬೇಡ ರೀ, ನಮ್ಮ..." ಎಂದು ಏನೋ ಹೇಳಹೊರಟಳು. ಅಷ್ಟರಲ್ಲಿ ಅಲಾರಂ ಹೊಡೆಯಿತು. ನಾನು ಪುಸ್ತಕದ ಕಡೆಗೆ ಓಡಿದೆ.

ಸಂತೋಷ ಮನೆಗೆ ಬಂದ ಮೇಲೆ ಮನೆಯಲ್ಲಿ ಸಂತೋಷವೇ ಇಲ್ಲವಾಯಿತು. ಅದು ಕಾಲೊರಸನ್ನು ತಿಂದಿತು, ನನ್ನ ಕನ್ನಡಕದ ಒಂದು ಕಡ್ಡಿಯನ್ನು ತಿಂದಿತು. ದೇವರ ಮನೆಯ ಹೊಸ್ತಿಲಿನಲ್ಲಿ ಮಾಡಬಾರದ್ದನ್ನು ಮಾಡಿತು. ಬೆಳಿಗ್ಗೆ ನಂಜುಂಡಪ್ಪನವರು ಕೆಳಗಿನಿಂದ, "ಮೇಷ್ಟ್ರೇ, ಸಂತೋಸ ಹೆಂಗೈತೆ?" ಎಂದು ಕೂಗುವುದು, ನಾನು ಮೇಲಿನಿಂದ, "ಸೋಫಾ ಕೆಳಗೆ ವಾಂತಿ ಮಾಡಿದೆ" ಎನ್ನುವುದು ಬೀದಿಗೆಲ್ಲ ರೂಢಿಯಾಯಿತು. ಎಲ್ಲಕ್ಕಿಂತ ಘೋರವೆಂದರೆ, ಸಂಜೆ ಆರು ಗಂಟೆಗೆ ಗೇಟು ತೆರೆದರೆ ಪ್ಯಾಂಟು ಜಗ್ಗಲು ಅಲ್ಲಿ ಯಾರೂ ಇರಲಿಲ್ಲ. ಇರಬೇಕಾದವನು ಮೇಲೆ ನನ್ನ ದಿಂಬಿನ ಮೇಲೆ ನಿದ್ದೆ ಮಾಡುತ್ತಿದ್ದ. ಉಳಿದಿದ್ದ ಒಂದೇ ಒಂದು ಏಳನ್ನೂ ನಾನು ಸ್ವಹಸ್ತದಿಂದ ಎತ್ತಿಕೊಂಡು ಹೋಗಿ ಮಹಡಿಯ ಮೇಲೆ ಕೂಡಿಹಾಕಿದ್ದೆ!

ಭಾನುವಾರ ಬಂತು. ಮರಿಯನ್ನು ಕೆಳಗೆ ಬಿಟ್ಟುಬರಲು ಬೆಳಿಗ್ಗೆ ಎರಡು ಸಲ ಹೊರಟೆ. ಎರಡು ಸಲವೂ ಅದು ನನಗಿಂತ ಮೊದಲೇ ಮೆಟ್ಟಿಲು ಹತ್ತಿ ವಾಪಸು ಬಂದಿತ್ತು. ಮೂರನೆಯ ಸಲ ಹೊರಡುವಷ್ಟರಲ್ಲಿ ಅತಿಥಿಗಳು ಗೇಟಿನಲ್ಲಿದ್ದರು. ಕುಮಾರ್ ಹೊಚ್ಚಹೊಸ ಬಿಳಿ ಷೂಗಳನ್ನು ಮೆಟ್ಟಿಲ ಬುಡದಲ್ಲಿ ಒಪ್ಪವಾಗಿ ಜೋಡಿಸಿಟ್ಟು, ಕೈಯಲ್ಲಿ ಸ್ವೀಟ್ ಡಬ್ಬಿ ಹಿಡಿದು ಹತ್ತತೊಡಗಿದರು. ಅವರ ಹಿಂದೆ ಲತಾ. ಮರಿ ಅವರ ಕಾಲುಗಳ ನಡುವೆ ನುಸುಳಿ ಕೆಳಗಿಳಿದು ಒಂದು ಷೂವನ್ನು ಕಚ್ಚಿತು. ನಾನು ಮೇಲಿನಿಂದ ನೋಡಿದೆ. ಬೀದಿಗೆಲ್ಲ ಕೇಳುವಂತೆ ಗರ್ಜಿಸಿದೆ:

"ಲೋ ಸಂತೋಷ! ಮಾನ ಮರ್ಯಾದೆ ಇಲ್ವೇನೋ ನಿಂಗೆ! ಪಾಪ ಅಂತ ಮನೆ ಒಳಗೆ ಸೇರಿಸಿದ್ರೆ ಹೀಗೇನೋ ಆಡೋದು? ದರಿದ್ರದವನೇ!"

ಕುಮಾರ್ ಮೂರನೆಯ ಮೆಟ್ಟಿಲಿನಲ್ಲಿ ನಿಂತುಬಿಟ್ಟರು. ಅವರ ಮುಖ ಷೂಗಿಂತ ಬಿಳಿಯಾಗಿತ್ತು. "ಭಾವ!" ಎಂದು ಲತಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ನನ್ನ ಹಿಂದಿನಿಂದ ಸುಲೋಚನಳ ದನಿ ಬಂತು:

"ರೀ! ಕುಮಾರ್ ಹೆಸರು ಸಂತೋಷ್ ಕುಮಾರ್ ಕಣ್ರೀ! ಅವರ ಮದುವೆ ಕಾರ್ಡಿನ ಪ್ರೂಫ್ ನೋಡಿದ್ದೇ ನೀವು!"

ನನ್ನ ನೆನಪೇ, ನನ್ನ ನೆನಪೇ! ಹದಿನೈದು ವರ್ಷ ಎಲ್ಲರೂ ಕುಮಾರ್ ಎಂದದ್ದನ್ನು ಕೇಳಿ ಕೇಳಿ, ಅವರ ಹೆಸರಿಗೆ ಒಂದು ಮುಂಭಾಗವೂ ಇದೆ ಎಂಬುದು ಪೂರ್ತಿ ಅಳಿಸಿಹೋಗಿತ್ತು. ಪರಿಸ್ಥಿತಿಯನ್ನು ತಿಳಿಯಾಗಿಸಲು ಅವಸರದಿಂದ ಹೇಳಿದೆ: "ಅಯ್ಯೋ, ತಪ್ಪು ತಿಳ್ಕೋಬೇಡಿ ಕುಮಾರ್! ನಾನು ಬೈದದ್ದು ನಿಮಗಲ್ಲ, ನಾಯಿಗೆ!"

ಅವರು ನಿಧಾನವಾಗಿ ಕೇಳಿದರು: "ನಾಯಿಗೆ ನನ್ನ ಹೆಸರಾ ಅಣ್ಣ?"

ಕೆಲವು ವಿವರಣೆಗಳು ಅಪರಾಧಕ್ಕಿಂತ ಭಾರವಾಗಿರುತ್ತವೆ. ನಾನು ಮೆಟ್ಟಿಲಿಳಿದು ಓಡಿದೆ. ಷೂವನ್ನಾದರೂ ಉಳಿಸಬೇಕು! ಮರಿ ಷೂವಿನ ಸಮೇತ ಗೇಟು ದಾಟಿತು. ನಮ್ಮ ಅಡ್ಡರಸ್ತೆ ದಾಟಿ ಮೆಟ್ರೋ ಕಂಬಗಳ ಕಡೆಗೆ ತಿರುಗಿತು. ಮನೆಯ ಪಂಚೆ, ಬರಿಗಾಲು, ಒಂದೇ ಕಡ್ಡಿಯ ಕನ್ನಡಕ, "ಸಂತೋಷಾ! ನಿಲ್ಲೋ ಸಂತೋಷಾ!" ಎಂದು ಅರಚುತ್ತ ನಾನು ಹಿಂದೆ.

ಟೀ ಅಂಗಡಿಯ ಮುಂದೆ ನಿಂತಿದ್ದ ಇಬ್ಬರು ಕಾಲೇಜು ಹುಡುಗರಲ್ಲಿ ಒಬ್ಬ ಬೆಚ್ಚಿಬಿದ್ದ.

"ಮಗಾ, ಯಾರೋ ಅಂಕಲ್ ನಿನ್ ಹೆಸ್ರು ಕೂಗ್ತಾ ಬರ್ತಾವ್ನೆ!"

"ಆ ಹುಡುಗಿ ಅಪ್ಪನೇನೋ ಗುರು!"

"ಓಡೋ ಮಗಾ!"

ಅವನು ಲೋಟ ಬಿಟ್ಟು ಓಡಿದ. ಈಗ ನನ್ನ ಮುಂದೆ ಎರಡು ಸಂತೋಷಗಳು ಓಡುತ್ತಿದ್ದವು. ಮೂರನೆಯದು ಒಂದೇ ಷೂ ಹಾಕಿಕೊಂಡು ಹಿಂದಿನಿಂದ ಬರುತ್ತಿತ್ತು!

ಸ್ಟೇಷನ್ನಿನ ಸಮೀಪ ಎಳನೀರು ಮಾರುವ ಹೆಂಗಸಿನ ಗಾಡಿಯಿದೆ. ಕುಡಿದು ಎಸೆದ ಬುರುಡೆಗಳ ರಾಶಿ ಅದರ ಪಕ್ಕದಲ್ಲಿ. ನನ್ನ ಎಡಗಾಲು ಒಂದು ಬುರುಡೆಯ ಮೇಲೆ ಬಿತ್ತು. ಬುರುಡೆ ಒಂದು ಕಡೆ ಹೋಯಿತು, ಪಾದ ಇನ್ನೊಂದು ಕಡೆ ಹೋಯಿತು. ನಾನು ಎರಡಕ್ಕೂ ಮಧ್ಯೆ ಫುಟ್‌ಪಾತಿನ ಮೇಲೆ ಕುಳಿತೆ. ಏಳಲು ನೋಡಿದೆ. ಆಗಲಿಲ್ಲ.

ಸರಿ, ಎಲ್ಲ ಮುಗಿಯಿತು ಎಂದುಕೊಂಡೆ. ಸೀಟು ಹೋಯಿತು, ಷಡ್ಡಕ ಹೋದರು, ಕಾಲು ಹೋಯಿತು. ಹಾಗೇ ಕಂಬಕ್ಕೆ ಒರಗಿ ಕುಳಿತುಬಿಟ್ಟೆ. ಮೇಲೆ ಒಂದು ಮೆಟ್ರೋ ರೈಲು ಹಾದುಹೋಯಿತು. ಅಷ್ಟರಲ್ಲಿ ಮೊಣಕೈಗೆ ತಣ್ಣಗೆ ಏನೋ ತಗುಲಿತು. ನೋಡಿದರೆ ಮರಿ. ಷೂವನ್ನು ನನ್ನ ತೊಡೆಯ ಮೇಲಿಟ್ಟು, ಇನ್ನೂ ಯಾಕೆ ಓಡುತ್ತಿಲ್ಲ ಎನ್ನುವಂತೆ ನನ್ನ ಮುಖ ನೋಡುತ್ತಿತ್ತು.

"ಓಡಿಸ್ಕಂಡೋದ್ರೆ ಓಡ್ತದೆ ಸಾ, ಅದುಕ್ಕೆ ಆಟ" ಎಂದಳು ಎಳನೀರಿನ ಹೆಂಗಸು, ಕತ್ತಿಯನ್ನು ಕೆಳಗಿಡದೆಯೇ. "ಸುಮ್ಕೆ ಕುಂತ್ರೆ ಅದೇ ಬತ್ತದೆ. ಇಷ್ಟ್ ವಯಸ್ಸಾಗದೆ, ಅಷ್ಟೂ ತಿಳೀದಾ?"

ಅಂಗಿಯ ಜೇಬಿನಲ್ಲಿ ಅಲಾರಂ ಹೊಡೆಯಿತು. ಪುಸ್ತಕ ಮನೆಯಲ್ಲಿತ್ತು. ನಿಲ್ಲಿಸಿದೆ. ಮರಿ ನನ್ನ ಪಂಚೆಯ ಅಂಚನ್ನು ಕಚ್ಚಿ ಜಗ್ಗತೊಡಗಿತು.

ಕುಮಾರ್ ಕುಂಟುತ್ತ ಬಂದು ಎದುರು ನಿಂತರು. ನನ್ನನ್ನು ನೋಡಿದರು, ಮರಿಯನ್ನು ನೋಡಿದರು, ಲೇಸು ಕಳೆದುಕೊಂಡ ತಮ್ಮ ಷೂವನ್ನು ನೋಡಿದರು. ಕ್ಷಮೆ ಕೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಇಸ್ತ್ರಿ ಮಾಡಿದ ಶರ್ಟು ಕುಲುಕತೊಡಗಿತು. ನಗುತ್ತಿದ್ದರು! ನಗುತ್ತ ನಗುತ್ತ ನನ್ನ ಪಕ್ಕದಲ್ಲೇ ಫುಟ್‌ಪಾತಿನ ಮೇಲೆ ಕುಳಿತರು.

"ಅಣ್ಣ, ಮನೇಲಿ ಯಾರೂ ನನ್ನ ಪೂರ್ತಿ ಹೆಸರು ಹಿಡಿದು ಕರಿಯೋದಿಲ್ಲ. ಇವತ್ತು ಇಡೀ ಅತ್ತಿಗುಪ್ಪೆಗೆ ಕೇಳಿಸಿಬಿಟ್ರಿ!"

ಆಟೋದಲ್ಲಿ ಮನೆಗೆ ಬಂದೆವು. ಕಥೆ ಕೇಳಿ ಲತಾ ಬಿದ್ದು ಬಿದ್ದು ನಕ್ಕಳು. ನಂಜುಂಡಪ್ಪನವರು ಹಲ್ಲಿನ ಸೆಟ್ಟು ಕೈಯಲ್ಲಿ ಹಿಡಿದು ನಕ್ಕರು. ಸುಲೋಚನ ಸೆರಗನ್ನು ಬಾಯಿಗೆ ತುಂಬಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಹಿಂದೆ ಯಾವಾಗ ನೋಡಿದ್ದೆ? ನಂದಿಬೆಟ್ಟದಲ್ಲಿ ಎಂದು ನನ್ನ ನೆನಪು. ಸ್ವೆಟರಿನ ಪ್ರಕರಣದ ನಂತರ ಪಂತ ಕಟ್ಟಲಾರೆ.

"ಭಾವ ಟ್ರಿಪ್ಪಿಗೆ ಬರ್ಲೇಬೇಕು ಅಕ್ಕ. ಇಂಥ ಮಜಾ ಗೋಕರ್ಣದಲ್ಲೂ ಸಿಗಲ್ಲ!" ಎಂದಳು ಲತಾ. ಕುಮಾರ್ ಹಾಳೆ ತೆಗೆದು, ಹನ್ನೆರಡನೆಯ ಸಾಲಿನಲ್ಲಿ ನನ್ನ ಹೆಸರನ್ನು ದುಂಡಗೆ ಬರೆದರು. ಸುಲೋಚನ ಆ ಹಾಳೆಯನ್ನು ತೆಗೆದುಕೊಂಡು, "ಕಿಟಕಿ ಪಕ್ಕ ನಂಗೆ. ಅದರ ಪಕ್ಕದ್ದು ಇವರಿಗೆ" ಎಂದಳು. ಗೆದ್ದಿದ್ದೆ!

ಸಂಜೆ ಡಾಕ್ಟರು ಕಾಲಿಗೆ ಬ್ಯಾಂಡೇಜು ಸುತ್ತಿ, ಮೂರು ವಾರ ನೆಲಕ್ಕೆ ಊರುವ ಹಾಗಿಲ್ಲ ಎಂದರು. ಪ್ರಯಾಣಕ್ಕೆ ಇದ್ದದ್ದು ಹತ್ತು ದಿನ.

ಟೆಂಪೋ ಹೊರಟ ಬೆಳಿಗ್ಗೆ ನಾನೂ ಸಂತೋಷನೂ ಮಹಡಿಯ ಮೇಲಿನಿಂದ ಕೈ, ಬಾಲ ಬೀಸಿದೆವು. ಅದನ್ನು ವಾಪಸು ಬಿಡುವ ಮಾತು ಯಾರೂ ಎತ್ತಿರಲಿಲ್ಲ. ಕೆಳಗಿನಿಂದ ನಂಜುಂಡಪ್ಪನವರ ಮನೆಯ ಊಟ ಬರುತ್ತಿತ್ತು. ನಾಲ್ಕು ದಿನ ನಾನು ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕುಳಿತಿದ್ದೆ. ಅದು ಸ್ಟೂಲಿನ ಕೆಳಗೆ ಮಲಗಿತ್ತು. ರಸ್ತೆ ನೋಡಿದೆವು. ಮಧ್ಯಾಹ್ನ ಇಬ್ಬರೂ ಆಕಳಿಸಿದೆವು. ಸಂಜೆ ಸುಲೋಚನಳ ಫೋನು ಬರುತ್ತಿತ್ತು.

"ಸಂತೋಷ ಹೇಗಿದಾನೆ?"

ಹಿಂದಿನಿಂದ ಕುಮಾರರ ದನಿ: "ನಾನು ಚೆನ್ನಾಗಿದೀನಿ ಅಕ್ಕ!"

"ನಿಮ್ಮನ್ನಲ್ಲ ಕುಮಾರ್... ರೀ, ಊಟ ಮಾಡಿದ್ನಾ ಅವನು?"

ನಾನು ಊಟ ಮಾಡಿದೆನೇ ಎಂದು ಯಾರೂ ಕೇಳಲಿಲ್ಲ.

ಐದನೆಯ ದಿನ ಮಧ್ಯಾಹ್ನ ಅವಳು ಬಂದಳು. ಬಂದವಳೇ ಕೈಚೀಲ ಇಟ್ಟು, "ಎಲ್ಲಿ ನಿಮ್ಮ ಪುಸ್ತಕ? ನಾಲ್ಕು ದಿನದ ಮಾರ್ಕ್ಸ್ ನೋಡೋಣ" ಎಂದಳು. ಆಗ ನನಗೆ ಪುಸ್ತಕದ ಜ್ಞಾಪಕವಾಯಿತು. ಅಲಾರಂ? ಫುಟ್‌ಪಾತಿನ ಮೇಲೆ ನಿಲ್ಲಿಸಿದವನು ಮತ್ತೆ ಇಟ್ಟೇ ಇರಲಿಲ್ಲ. ಹುಡುಕಿದಾಗ ಪುಸ್ತಕ ಮಂಚದ ಕೆಳಗೆ ಸಿಕ್ಕಿತು. ರಟ್ಟಿಲ್ಲ, ಬೆನ್ನಿಲ್ಲ, ಅಂಕಗಳಿಲ್ಲ. ಉಳಿದಿದ್ದ ಒಂದು ಚೂರಿನಲ್ಲಿ 'ಗೊತ್ತಿಲ್ಲ' ಎಂದು ನನ್ನ ಕೈಬರಹವಿತ್ತು. ಸಂತೋಷ ಅದನ್ನು ಯಾವತ್ತು ತಿಂದನೋ ಯಾರಿಗೆ ಗೊತ್ತು!

"ಹಾಗಾದ್ರೆ ನಾಲ್ಕು ದಿನ ಹೇಗಿದ್ರಿ?"

"ಚೆನ್ನಾಗೇ ಇದ್ದೆ ಅಂತ ನೆನಪು."

"ನಿಮ್ಮ ನೆನಪು!" ಎಂದು ನಕ್ಕಳು. ಮತ್ತೆ ಸೀರೆಯಿಂದ ಮರಳು ಕೊಡವುತ್ತ, "ಪಕ್ಕದ ಸೀಟಲ್ಲಿ ಬ್ಯಾಗ್ ಇಟ್ಟಿದ್ದೆ. ದಾರಿ ಪೂರ್ತಿ ಏನೂ ವಾದ ಮಾಡ್ಲಿಲ್ಲ" ಎಂದಳು. ನೆರಿಗೆಯನ್ನು ಇನ್ನೊಮ್ಮೆ ಕೊಡವಿ, "ಬೇಜಾರಾಯ್ತು" ಎಂದಳು.

ಅದಕ್ಕೆ ಹತ್ತಕ್ಕೆ ಎಷ್ಟು ಕೊಡಬೇಕೋ, ಬರೆಯಲು ಪುಸ್ತಕವಿರಲಿಲ್ಲ.

ಸಂಜೆ ಅಡುಗೆಮನೆಯಿಂದ ಅಕ್ಕಿರೊಟ್ಟಿಯ ವಾಸನೆ ಬಂತು. ಅದರ ಹಿಂದೆಯೇ ಅವಳ ದನಿ: "ಬಾರೋ, ಬಿಸಿ ಆರಿಹೋಗುತ್ತೆ!"

ಬಾರೋ! ಇಪ್ಪತ್ತಾರು ವರ್ಷದ ನಂತರ! ಇದರಲ್ಲಿ ಯಾವ ಸಂದಿಗ್ಧವೂ ಇರಲಿಲ್ಲ. ಡಾಕ್ಟರ ಮಾತನ್ನು ಮರೆತು, ಒಂಟಿಕಾಲಿನಲ್ಲಿ ಕುಪ್ಪಳಿಸುತ್ತ ಅಡುಗೆಮನೆಯ ಬಾಗಿಲು ಮುಟ್ಟಿದೆ. ನನ್ನ ಕಾಲ ಸಂದಿಯಿಂದ ಒಂದು ಮಡಿಸಿದ ಕಿವಿ ಮುಂದೆ ನುಗ್ಗಿತು. ಸುಲೋಚನ ಬಗ್ಗಿ ನೆಲದ ಮೇಲೆ ತಟ್ಟೆ ಇಡುತ್ತಿದ್ದಳು. ತಲೆಯೆತ್ತಿ ನನ್ನನ್ನು ನೋಡಿದಳು.

"ನೀವ್ಯಾಕ್ರೀ ಎದ್ದು ಬಂದ್ರಿ?"

"ಸುಮ್ನೆ" ಎಂದೆ.

"ಬಂದೋರು ಕೂತ್ಕೊಳ್ಳಿ ಮತ್ತೆ" ಎಂದು ಮಣೆ ಸರಿಸಿ ನನಗೂ ಒಂದು ಹಾಕಿದಳು. ಬಿಸಿಯಿತ್ತು. ಬೆಣ್ಣೆ ಕರಗುತ್ತಿತ್ತು. ನಾಯಿಯ ತಟ್ಟೆಯಲ್ಲಿದ್ದ ರೊಟ್ಟಿ ನನ್ನದಕ್ಕಿಂತ ಕೊಂಚ ದೊಡ್ಡದಿತ್ತೆಂದು ನನಗೆ ಅನುಮಾನ. ಅಳೆದು ನೋಡಲಿಲ್ಲ.